ಮಕ್ಕಳ ಮೌನವನ್ನು ಕುರಿತು
ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳನ್ನೊಳಗೊಂಡ ಮಧುಗಿರಿ ಶೈಕ್ಷಣಿಕ ಜಿಲ್ಲೆಯ ತಾಯಿತಂದೆಗಳೇ, ಹತ್ತನೆಯ ತರಗತಿಯ ಮಗನೋ ಮಗಳೋ ವಾರಗಟ್ಟಲೆ ನಿದ್ರೆಗೆಟ್ಟು, ತಟ್ಟೆಗಿಟ್ಟ ಮುದ್ದೆಯನ್ನು ಮುರಿಯದೆ, ಗೆಳೆಯರ ಸಂಗವನ್ನೂ ತೊರೆದು ಕುಳಿತಿರುವುದನ್ನು ಕಂಡಾಗ, ಅದನ್ನು ಸೋಮಾರಿತನವೆಂದು ಗದರದೆ, ಗಾಳಿ ಸೋಕಿತೆಂದು ತಾಯಿತ ಕಟ್ಟಿಸಿ ಸುಮ್ಮನಾಗದೆ, ಮೊದಲು ಪಕ್ಕದಲ್ಲಿ ಕುಳಿತು ಆಲಿಸಿರಿ. ಬಳಿಕ ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ಯಿರಿ. ಲಗ್ನಕ್ಕೆ ಅಡ್ಡಿಯಾದೀತೆಂದು ಹೆಣ್ಣುಮಕ್ಕಳ ವ್ಯಥೆಯನ್ನು ಮುಚ್ಚಿಡುವುದಂತೂ ನನ್ನ ಮಟ್ಟಿಗೆ ಅಕ್ಷಮ್ಯ. ಮನೋವ್ಯಾಧಿಗೂ ಚಿಕಿತ್ಸೆಯುಂಟು; 1980ರ ದಶಕದಲ್ಲಿಯೇ ನಿಮ್ಹಾನ್ಸ್ ಸಂಸ್ಥೆಯು ಬಳ್ಳಾರಿ ಜಿಲ್ಲೆಯ ಗ್ರಾಮೀಣ ಆರೋಗ್ಯಕೇಂದ್ರಗಳಿಗೆ ಅದನ್ನು ತಲುಪಿಸಿ ತೋರಿಸಿತು. ಮಕ್ಕಳೇ, ಮನೆಯಲ್ಲಿ ಹೇಳಿಕೊಳ್ಳಲು ನಾಲಿಗೆ ಏಳದಿದ್ದರೆ 14416ಕ್ಕೆ ಕರೆಮಾಡಿರಿ. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸೇವೆಯು ಹಗಲಿರುಳೂ ಉಚಿತವಾಗಿ, ಕನ್ನಡದಲ್ಲಿಯೇ ನಿಮ್ಮ ಮಾತಿಗೆ ಕಿವಿಗೊಡುತ್ತದೆ.