ಕರ್ತೃತ್ವ ಮತ್ತು ಕೂಲಿ: ಅಮೆರಿಕದ ಚಿತ್ರಕತೆಗಾರರ ಸಂಘಟನೆಯನ್ನು ಕುರಿತ ಒಂದು ವಿವೇಚನೆ

ಪೀಠಿಕೆ

ಲೇಖಕರ ಸಂಘಟನೆ ಎಂದೊಡನೆ ಕನ್ನಡದ ಸಂದರ್ಭದಲ್ಲಿ ನೆನಪಿಗೆ ಬರುವುದು ಸಾಹಿತ್ಯಕ ಅಥವಾ ವೈಚಾರಿಕ ಉದ್ದೇಶಗಳಿಂದ ರೂಪುಗೊಂಡ ಸಂಸ್ಥೆಗಳು. 1915ರಲ್ಲಿ ಸ್ಥಾಪನೆಗೊಂಡ ಸಾಹಿತ್ಯ ಪರಿಷತ್ತು ನಾಡುನುಡಿಯ ಏಳಿಗೆಯನ್ನು ಗುರಿಯಾಗಿಸಿಕೊಂಡಿತು. 1979ರಲ್ಲಿ ಹುಟ್ಟಿದ ಬಂಡಾಯ ಸಾಹಿತ್ಯ ಸಂಘಟನೆ ಬರಹಗಾರನ ಸಾಮಾಜಿಕ ಬದ್ಧತೆಯನ್ನು ಮುಂದಿಟ್ಟಿತು. ಅದೇ ವರ್ಷ ಆರಂಭವಾದ ಕರ್ನಾಟಕ ಲೇಖಕಿಯರ ಸಂಘ ಮಹಿಳೆಯರ ಬರವಣಿಗೆಗೆ ವೇದಿಕೆಯಾಯಿತು. ಇವುಗಳ ಕೊಡುಗೆ ದೊಡ್ಡದು. ಆದರೆ ಒಂದು ಪುಟಕ್ಕೆ, ಒಂದು ಕಂತಿಗೆ ಅಥವಾ ಒಂದು ಚಿತ್ರಕತೆಗೆ ಇಂತಿಷ್ಟಕ್ಕಿಂತ ಕಡಿಮೆ ಕೊಡಕೂಡದು ಎಂದು ಮಾಲೀಕರೊಂದಿಗೆ ಕುಳಿತು ಒಪ್ಪಂದ ಮಾಡಿಕೊಳ್ಳುವ ಕಾರ್ಮಿಕ ಸಂಘಗಳು ಇವಲ್ಲ. ಲೇಖಕನನ್ನು ಶ್ರಮಜೀವಿಗಳ ಪರವಾಗಿ ಮಾತನಾಡುವವನೆಂದು ನಮ್ಮ ವಿಮರ್ಶೆ ಗುರುತಿಸಿದೆಯೇ ಹೊರತು ಅವನೇ ಒಬ್ಬ ಶ್ರಮಜೀವಿಯೆಂದು ನೋಡಿದ್ದು ವಿರಳ.

ಈ ಹಿನ್ನೆಲೆಯಲ್ಲಿ ಅಮೆರಿಕದ ಚಿತ್ರಕತೆಗಾರರ ಸಂಘವಾದ ರೈಟರ್ಸ್ ಗಿಲ್ಡ್‌ನ ಇತಿಹಾಸ ಗಮನಾರ್ಹವಾದುದು. ಬರಹಗಾರರು ಕಾರ್ಮಿಕ ಸಂಘವನ್ನು ಕಟ್ಟಿ, ಅದನ್ನು ಒಂಬತ್ತು ದಶಕಗಳ ಕಾಲ ಉಳಿಸಿಕೊಂಡು ಬಂದ ಅಪರೂಪದ ನಿದರ್ಶನ ಅದು. ಕಾನೂನಿನ ದೃಷ್ಟಿಯಲ್ಲಿ ‘ಕರ್ತೃ’ ಎಂಬ ಸ್ಥಾನವನ್ನು ಕಳೆದುಕೊಂಡ ಲೇಖಕರು ‘ಕಾರ್ಮಿಕ’ ಎಂಬ ಸ್ಥಾನದ ಬಲದಿಂದಲೇ ಆ ಕರ್ತೃತ್ವವನ್ನು ಭಾಗಶಃ ಮರಳಿ ಪಡೆದ ಬಗೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಲೇಖಕ ಕಾರ್ಮಿಕನಾದುದು

1933ರ ಮಾರ್ಚ್ ತಿಂಗಳಲ್ಲಿ, ಆರ್ಥಿಕ ಮುಗ್ಗಟ್ಟು ತೀವ್ರವಾಗಿದ್ದಾಗ, ಹಾಲಿವುಡ್‌ನ ಸ್ಟುಡಿಯೋಗಳು ತಾತ್ಕಾಲಿಕವಾಗಿ ಸಂಬಳವನ್ನು ಅರ್ಧಕ್ಕೆ ಇಳಿಸಿದವು. ಮರುತಿಂಗಳೇ ಚಿತ್ರಕತೆಗಾರರು ಸ್ಕ್ರೀನ್ ರೈಟರ್ಸ್ ಗಿಲ್ಡನ್ನು ಹೊಸದಾಗಿ ಕಟ್ಟಿದರು. ಜಾನ್ ಹೋವರ್ಡ್ ಲಾಸನ್ ಅದರ ಮೊದಲ ಅಧ್ಯಕ್ಷರಾದರು. 1935ರ ರಾಷ್ಟ್ರೀಯ ಕಾರ್ಮಿಕ ಸಂಬಂಧಗಳ ಕಾಯ್ದೆ ಉದ್ಯೋಗಿಗಳಿಗೆ ಸಾಮೂಹಿಕ ಚೌಕಾಸಿಯ ಹಕ್ಕನ್ನು ನೀಡಿತು. ಆ ಹಕ್ಕು ಬೇಕಾದರೆ ಬರಹಗಾರರು ತಾವು ಉದ್ಯೋಗಿಗಳೆಂದು ಸಾಬೀತುಪಡಿಸಬೇಕಾಗಿತ್ತು.

ಇಲ್ಲಿ ನಡೆದ ವಾದ ಕುತೂಹಲಕಾರಿಯಾಗಿದೆ. ಬರಹಗಾರರು ಸ್ವತಂತ್ರವಾಗಿ ಕೆಲಸ ಮಾಡುವವರು, ಅವರನ್ನು ಕಾರ್ಮಿಕರೆಂದು ಪರಿಗಣಿಸಲಾಗದು ಎಂದು ಹೇಳಿದವರು ಸ್ಟುಡಿಯೋ ಮಾಲೀಕರು. ತಾವು ದಿನನಿತ್ಯ ಮಾಲೀಕನ ಹತೋಟಿಯಲ್ಲಿ ದುಡಿಯುವವರು ಎಂಬುದು ಬರಹಗಾರರ ಪಕ್ಷವಾಗಿತ್ತು. ಲೇಖಕನ ಸ್ವಾತಂತ್ರ್ಯವನ್ನು ಬಂಡವಾಳವೂ ಅವನ ಪರಾಧೀನತೆಯನ್ನು ಲೇಖಕನೂ ಎತ್ತಿಹಿಡಿದ ಪ್ರಸಂಗ ಇದು. ಕಾರ್ಮಿಕ ಸಂಬಂಧಗಳ ಮಂಡಳಿ 1938ರಲ್ಲಿ ಬರಹಗಾರರು ಉದ್ಯೋಗಿಗಳೇ ಎಂದು ತೀರ್ಮಾನಿಸಿತು. ಅದೇ ವರ್ಷದ ಚುನಾವಣೆಯಲ್ಲಿ, ಮಾಲೀಕರ ಒಲವಿದ್ದ ಸ್ಕ್ರೀನ್ ಪ್ಲೇರೈಟ್ಸ್ ಎಂಬ ಪ್ರತಿಸ್ಪರ್ಧಿ ಸಂಘಟನೆಯನ್ನು ಗಿಲ್ಡ್ ಸೋಲಿಸಿತು. ಆದರೂ ಮೊದಲ ಒಪ್ಪಂದ ಕೈಗೂಡಲು 1940ರ ದಶಕದ ಆರಂಭದವರೆಗೆ ಕಾಯಬೇಕಾಯಿತು. 1954ರಲ್ಲಿ ರೇಡಿಯೊ ಮತ್ತು ಟೆಲಿವಿಷನ್ ಬರಹಗಾರರನ್ನೂ ಒಳಗೊಂಡು ಪೂರ್ವ ಹಾಗೂ ಪಶ್ಚಿಮ ಶಾಖೆಗಳ ಇಂದಿನ ರೈಟರ್ಸ್ ಗಿಲ್ಡ್ ಆಫ್ ಅಮೆರಿಕ ರೂಪುಗೊಂಡಿತು.

ಈ ಗೆಲುವಿನ ಬೆನ್ನಿಗೇ ಒಂದು ನಷ್ಟವೂ ಇದೆ. ಅಮೆರಿಕದ ಕೃತಿಸ್ವಾಮ್ಯ ಕಾನೂನಿನಂತೆ ಉದ್ಯೋಗದ ಭಾಗವಾಗಿ ಬರೆದ ಕೃತಿಗೆ ಮಾಲೀಕನೇ ಕರ್ತೃ. 1909ರ ಕಾಯ್ದೆಯಲ್ಲಿದ್ದ ಈ ತತ್ವವನ್ನು 1976ರ ಕಾಯ್ದೆಯೂ ಉಳಿಸಿಕೊಂಡಿತು. ಮಾಲೀಕ ಕೃತಿಯ ಒಡೆಯ ಮಾತ್ರವಲ್ಲ, ಕಾನೂನಿನ ಭಾಷೆಯಲ್ಲಿ ಅದರ ‘ಲೇಖಕ’ನೂ ಹೌದು ಎಂಬುದನ್ನು ಗಮನಿಸಬೇಕು. 1960ರ ದಶಕದ ಕೊನೆಯಲ್ಲಿ ರೋಲಾ ಬಾರ್ತ್ ಲೇಖಕನ ಸಾವನ್ನು ಕುರಿತು ಬರೆದುದು, ಮಿಶೆಲ್ ಫೂಕೋ ಲೇಖಕನೆಂದರೆ ಯಾರು ಎಂದು ಕೇಳಿದುದು ನಮ್ಮ ವಿಭಾಗಗಳಲ್ಲಿ ಸಾಕಷ್ಟು ಚರ್ಚೆಯಾಗಿವೆ. ಅದಕ್ಕೆ ಬಹಳ ಮುಂಚೆಯೇ ಹಾಲಿವುಡ್‌ನ ಕರಾರು ಪತ್ರ ಬರೆಯುವವನನ್ನು ಲೇಖಕನ ಸ್ಥಾನದಿಂದ ಇಳಿಸಿತ್ತು. ಆದರೆ ಆ ಸ್ಥಾನ ಓದುಗನಿಗೆ ದಕ್ಕಲಿಲ್ಲ, ಸ್ಟುಡಿಯೋಗೆ ದಕ್ಕಿತು.

ಒಡೆತನ ಅಥವಾ ಸಂಘ

ಇದೇ ದೇಶದ ನಾಟಕಕಾರರ ಸ್ಥಿತಿಯನ್ನು ಇದರೊಂದಿಗೆ ಹೋಲಿಸಿದರೆ ವಿಷಯ ಇನ್ನಷ್ಟು ಸ್ಪಷ್ಟವಾಗುತ್ತದೆ. ಅಮೆರಿಕದ ರಂಗಭೂಮಿಯಲ್ಲಿ ನಾಟಕಕಾರ ತನ್ನ ಕೃತಿಸ್ವಾಮ್ಯವನ್ನು ಬಿಟ್ಟುಕೊಡುವುದಿಲ್ಲ, ಪ್ರದರ್ಶನಕ್ಕೆ ಅನುಮತಿಯನ್ನಷ್ಟೇ ನೀಡುತ್ತಾನೆ. ಅವನ ಒಪ್ಪಿಗೆಯಿಲ್ಲದೆ ಸಂಭಾಷಣೆಯನ್ನು ಬದಲಿಸುವಂತಿಲ್ಲ. ಆದರೆ ಒಡೆಯನಾದ್ದರಿಂದಲೇ ಅವನು ಉದ್ಯೋಗಿಯಲ್ಲ. ಉದ್ಯೋಗಿಗಳಲ್ಲದವರು ಒಟ್ಟುಗೂಡಿ ದರ ನಿಗದಿಪಡಿಸಿದರೆ ಅದು ಏಕಸ್ವಾಮ್ಯ ವಿರೋಧಿ ಕಾನೂನಿನ ಉಲ್ಲಂಘನೆಯಾಗುವ ಅಪಾಯವಿದೆ. 1945ರ ಒಂದು ಪ್ರಕರಣದಲ್ಲಿ ಮೇಲ್ಮನವಿ ನ್ಯಾಯಾಲಯವು ನಾಟಕಕಾರರ ಗಿಲ್ಡ್‌ಗೆ ಕಾರ್ಮಿಕ ಸಂಘಗಳ ವಿನಾಯಿತಿ ಅನ್ವಯಿಸುವುದನ್ನು ಒಪ್ಪಲಿಲ್ಲ.

ಪತ್ರಿಕೆಗಳಿಗೆ ಬಿಡಿ ಲೇಖನಗಳನ್ನು ಬರೆಯುವವರ ಸ್ಥಿತಿಯೂ ಇಂಥದೇ. 1981ರಲ್ಲಿ ಆರಂಭವಾದ ನ್ಯಾಷನಲ್ ರೈಟರ್ಸ್ ಯೂನಿಯನ್ ಇಂತಹ ಬರಹಗಾರರನ್ನು ಒಟ್ಟುಗೂಡಿಸಿತು. ಅದರ ಅಧ್ಯಕ್ಷರಾಗಿದ್ದ ಜೊನಾಥನ್ ಟಾಸಿನಿ ಮತ್ತು ಇತರರು ಹೂಡಿದ ದಾವೆಯಲ್ಲಿ, ಬಿಡಿ ಲೇಖಕರ ಅನುಮತಿಯಿಲ್ಲದೆ ಅವರ ಲೇಖನಗಳನ್ನು ವಿದ್ಯುನ್ಮಾನ ದತ್ತಸಂಚಯಗಳಿಗೆ ಒದಗಿಸುವಂತಿಲ್ಲ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 2001ರಲ್ಲಿ ತೀರ್ಪಿತ್ತಿತು. ಕೃತಿಯ ಒಡೆತನ ಉಳಿಸಿಕೊಂಡಿದ್ದುದರಿಂದ ಅವರು ನ್ಯಾಯಾಲಯದಲ್ಲಿ ಗೆದ್ದರು. ಆದರೆ ಮುಂದಿನ ಲೇಖನದ ದರವನ್ನು ಎಲ್ಲರ ಪರವಾಗಿ ನಿಗದಿಪಡಿಸುವ ಶಕ್ತಿ ಆ ಗೆಲುವಿನಿಂದ ಬರಲಿಲ್ಲ. ಹೊಸ ಕರಾರುಗಳಲ್ಲಿ ವಿದ್ಯುನ್ಮಾನ ಹಕ್ಕನ್ನೂ ಮೊದಲೇ ಬರೆಸಿಕೊಳ್ಳಲು ಪ್ರಕಾಶಕರಿಗೆ ಅಡ್ಡಿಯಿರಲಿಲ್ಲ. ಒಡೆತನವುಳ್ಳವರಿಗೆ ಸಂಘಬಲವಿಲ್ಲ, ಸಂಘಬಲವುಳ್ಳವರಿಗೆ ಒಡೆತನವಿಲ್ಲ ಎಂಬ ಈ ಇಕ್ಕಟ್ಟೇ ಅಮೆರಿಕದ ಲೇಖಕ ಸಂಘಟನೆಗಳ ಮೂಲ ಸಮಸ್ಯೆ.

ಹೆಸರಿನ ವ್ಯಾಕರಣ

ಕಾನೂನು ಕಿತ್ತುಕೊಂಡ ಕರ್ತೃತ್ವವನ್ನು ಗಿಲ್ಡ್ ಒಪ್ಪಂದದ ಮೂಲಕ ಮರಳಿ ಕಟ್ಟಲು ಯತ್ನಿಸಿತು. ಅದರ ಮುಖ್ಯ ಸಾಧನ ತೆರೆಯ ಮೇಲಿನ ಹೆಸರು. ಚಿತ್ರಕತೆಗೆ ಯಾರ ಹೆಸರು ಹಾಕಬೇಕೆಂಬುದನ್ನು ಮೊದಲು ಸ್ಟುಡಿಯೋಗಳೇ ನಿರ್ಧರಿಸುತ್ತಿದ್ದವು. ಆ ಅಧಿಕಾರವನ್ನು ಗಿಲ್ಡ್ ತನ್ನ ಮೊದಲ ಒಪ್ಪಂದದಲ್ಲಿಯೇ ಪಡೆದುಕೊಂಡಿತು.

ಹೆಸರಿನ ಬಗ್ಗೆ ವಿವಾದ ಬಂದಾಗ ಗಿಲ್ಡ್‌ನ ಸದಸ್ಯರೇ ಆದ ಮೂವರು ತೀರ್ಪುಗಾರರು ಎಲ್ಲ ಕರಡುಗಳನ್ನೂ ಓದುತ್ತಾರೆ. ಬರೆದವರ ಹೆಸರು ಅವರಿಗೆ ತಿಳಿದಿರುವುದಿಲ್ಲ. ‘ಎ’ ಲೇಖಕ, ‘ಬಿ’ ಲೇಖಕ ಎಂಬ ಗುರುತುಗಳಷ್ಟೇ ಇರುತ್ತವೆ. ತೀರ್ಪುಗಾರರು ಯಾರೆಂಬುದೂ ಬರೆದವರಿಗೆ ತಿಳಿಯುವುದಿಲ್ಲ. ಮೂಲ ಚಿತ್ರಕತೆಯನ್ನು ಅನಂತರ ತಿದ್ದಿದವನು ಹೆಸರು ಪಡೆಯಬೇಕಾದರೆ ಅಂತಿಮ ಪಠ್ಯದಲ್ಲಿ ಅವನ ಕೊಡುಗೆ ಕನಿಷ್ಠ ಅರ್ಧದಷ್ಟಿರಬೇಕು. ಕಾದಂಬರಿ ಮೊದಲಾದ ಆಕರಗಳನ್ನು ಆಧರಿಸಿದ ಚಿತ್ರಕತೆಗೆ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚಿದ್ದರೆ ಸಾಕು. ಇಬ್ಬರು ಜೊತೆಗೂಡಿ ಬರೆದಿದ್ದರೆ ಹೆಸರುಗಳ ನಡುವೆ ‘&’ ಚಿಹ್ನೆ ಬರುತ್ತದೆ. ಬೇರೆಬೇರೆಯಾಗಿ, ಒಬ್ಬರ ಕರಡಿನ ಮೇಲೆ ಇನ್ನೊಬ್ಬರು ಬರೆದಿದ್ದರೆ ‘ಆ್ಯಂಡ್’ ಎಂಬ ಪದವನ್ನು ಪೂರ್ತಿಯಾಗಿ ಬರೆಯಲಾಗುತ್ತದೆ. ಕನ್ನಡದ ‘ಮತ್ತು’ ಎರಡಕ್ಕೂ ಸಲ್ಲುತ್ತದೆಯಾದರೂ ಅಲ್ಲಿ ಒಂದು ಚಿಹ್ನೆಯ ವ್ಯತ್ಯಾಸ ಇಡೀ ರಚನಾಕ್ರಮವನ್ನು ಸೂಚಿಸುತ್ತದೆ.

ಗ್ರಂಥಸಂಪಾದನ ಶಾಸ್ತ್ರದ ಪರಿಚಯವಿರುವವರಿಗೆ ಈ ವಿಧಾನ ತೀರ ಅಪರಿಚಿತವೆನಿಸದು. ಪಾಠಗಳನ್ನು ಹೋಲಿಸಿ, ಪ್ರಕ್ಷೇಪಗಳನ್ನು ಗುರುತಿಸಿ, ಯಾವ ಭಾಗ ಯಾರದೆಂದು ನಿರ್ಣಯಿಸುವ ಕೆಲಸವೇ ಇದು. ವ್ಯತ್ಯಾಸವೆಂದರೆ ಇಲ್ಲಿನ ನಿರ್ಣಯದ ಮೇಲೆ ಜೀವನೋಪಾಯ ನಿಂತಿದೆ. ಚಿತ್ರ ಮತ್ತೆ ಮತ್ತೆ ಬಳಕೆಯಾದಾಗ ಸಲ್ಲುವ ಸಂಭಾವನೆ ಹೆಸರು ಪಡೆದವರಿಗೆ ಮಾತ್ರ ದೊರೆಯುತ್ತದೆ.

ಹೆಸರನ್ನು ಕಾಯಬೇಕಾದ ಸಂಘವೇ ಅದನ್ನು ಅಳಿಸಿದ ಅಧ್ಯಾಯವೂ ಈ ಇತಿಹಾಸದಲ್ಲಿದೆ. 1947ರಲ್ಲಿ ಕಮ್ಯುನಿಸ್ಟ್ ಸಂಪರ್ಕದ ಆರೋಪದ ಮೇಲೆ ಸಂಸತ್ ಸಮಿತಿಯ ಮುಂದೆ ಬಂದು, ಅದರ ಪ್ರಶ್ನೆಗಳಿಗೆ ಉತ್ತರಿಸಲು ನಿರಾಕರಿಸಿದ ಹತ್ತು ಮಂದಿಯಲ್ಲಿ ಗಿಲ್ಡ್‌ನ ಮೊದಲ ಅಧ್ಯಕ್ಷ ಲಾಸನ್ ಕೂಡ ಇದ್ದರು. 1950ರ ದಶಕದ ಆರಂಭದಲ್ಲಿ, ಸಮಿತಿಯ ಮುಂದೆ ತಮ್ಮನ್ನು ‘ಶುದ್ಧ’ರೆಂದು ತೋರಿಸಿಕೊಳ್ಳದವರ ಹೆಸರನ್ನು ಕೈಬಿಡುವ ಅಧಿಕಾರವನ್ನು ಗಿಲ್ಡ್ ತಾನೇ ಸ್ಟುಡಿಯೋಗಳಿಗೆ ಒಪ್ಪಿಸಿತು. 1953ರ ‘ರೋಮನ್ ಹಾಲಿಡೇ’ ಚಿತ್ರದ ಕತೆ ಡಾಲ್ಟನ್ ಟ್ರಂಬೊ ಅವರದು, ತೆರೆಯ ಮೇಲೆ ಕಂಡದ್ದು ಇಯಾನ್ ಮ್ಯಾಕ್ಲೆಲನ್ ಹಂಟರ್ ಅವರ ಹೆಸರು. 1957ರ ‘ದಿ ಬ್ರಿಡ್ಜ್ ಆನ್ ದಿ ರಿವರ್ ಕ್ವಾಯ್’ ಚಿತ್ರಕತೆಯನ್ನು ಕಾರ್ಲ್ ಫೋರ್‌ಮನ್ ಮತ್ತು ಮೈಕೆಲ್ ವಿಲ್ಸನ್ ಬರೆದಿದ್ದರು. ಹೆಸರೂ ಪ್ರಶಸ್ತಿಯೂ ಮೂಲ ಕಾದಂಬರಿಯ ಫ್ರೆಂಚ್ ಲೇಖಕ ಪಿಯೆರ್ ಬೂಲ್ ಅವರಿಗೆ ಸಂದವು. ಈ ಹೆಸರುಗಳನ್ನು ಸರಿಪಡಿಸುವ ಕಾರ್ಯವನ್ನು ಗಿಲ್ಡ್ ಮುಂದೆ ಕೈಗೊಂಡಿತು. ‘ರೋಮನ್ ಹಾಲಿಡೇ’ಗೆ ಟ್ರಂಬೊ ಅವರ ಹೆಸರನ್ನು ಅದು ಮರಳಿಸಿದ್ದು 2011ರಲ್ಲಿ, ಅವರು ತೀರಿಕೊಂಡು 35 ವರ್ಷಗಳಾದ ಮೇಲೆ.

ಮುಷ್ಕರ ಮತ್ತು ತಂತ್ರಜ್ಞಾನ

ಗಿಲ್ಡ್‌ನ ಪ್ರಮುಖ ಮುಷ್ಕರಗಳಲ್ಲಿ ಹಲವು ಹೊಸ ಮಾಧ್ಯಮವೊಂದರ ಆಗಮನದೊಂದಿಗೆ ಸಂಬಂಧ ಹೊಂದಿವೆ. 1960ರಲ್ಲಿ ಸುಮಾರು ಐದು ತಿಂಗಳು ನಡೆದ ಮುಷ್ಕರದ ಕೇಂದ್ರದಲ್ಲಿದ್ದುದು ಟೆಲಿವಿಷನ್. ಚಲನಚಿತ್ರಗಳು ಟೆಲಿವಿಷನ್‌ನಲ್ಲಿ ಪ್ರಸಾರವಾದಾಗ ಬರಹಗಾರನಿಗೂ ಪಾಲು ಸಿಗಬೇಕೆಂಬ ತತ್ವ ಆಗ ಸ್ಥಾಪನೆಗೊಂಡಿತು. ಜೊತೆಗೆ ಪಿಂಚಣಿ ಮತ್ತು ಆರೋಗ್ಯ ನಿಧಿಗಳು ಬಂದವು. 1985ರಲ್ಲಿ ವಿಡಿಯೋ ಕ್ಯಾಸೆಟ್ಟಿನ ವಿಷಯದಲ್ಲಿ ಬರಹಗಾರರು ಹಿನ್ನಡೆ ಅನುಭವಿಸಿದರು. ಒಟ್ಟು ಆದಾಯದ ಶೇಕಡ 20 ಭಾಗವನ್ನು ಮಾತ್ರ ಲೆಕ್ಕಕ್ಕೆ ಹಿಡಿದು ಅದರಲ್ಲೊಂದು ಸಣ್ಣ ಅಂಶವನ್ನು ಬರಹಗಾರನಿಗೆ ಕೊಡುವ ಸೂತ್ರ ಉಳಿದುಕೊಂಡಿತು. ಡಿವಿಡಿ ಬಂದಾಗಲೂ ಅದೇ ಸೂತ್ರ ಮುಂದುವರಿಯಿತು.

2007ರ ನವೆಂಬರ್ 5ರಿಂದ 2008ರ ಫೆಬ್ರವರಿ 12ರವರೆಗೆ 100 ದಿನ ನಡೆದ ಮುಷ್ಕರಕ್ಕೆ ಈ ಅನುಭವವೇ ಪ್ರೇರಣೆ. ಅಂತರಜಾಲದ ಮೂಲಕ ಪ್ರಸಾರವಾಗುವ ಬರವಣಿಗೆ ಒಪ್ಪಂದದ ವ್ಯಾಪ್ತಿಗೆ ಬಂದುದು ಅದರ ಮುಖ್ಯ ಫಲ. ಆಗ ಅದರಿಂದ ಬರುವ ಆದಾಯ ಅತ್ಯಲ್ಪವಾಗಿತ್ತು. ಮುಂದೆ ಪ್ರೇಕ್ಷಕರು ಅತ್ತಲೇ ಸರಿದಾಗ ಅಂದಿನ ಪಟ್ಟಿನ ಮಹತ್ವ ತಿಳಿಯಿತು.

2023ರ ಮೇ 2ರಿಂದ 148 ದಿನ ನಡೆದ ಮುಷ್ಕರದಲ್ಲಿ ಸುಮಾರು 11,500 ಬರಹಗಾರರು ಭಾಗಿಗಳಾಗಿದ್ದರು. ಧಾರಾವಾಹಿಗಳಿಗೆ ನೇಮಿಸಬೇಕಾದ ಬರಹಗಾರರ ಕನಿಷ್ಠ ಸಂಖ್ಯೆ, ಜನಪ್ರಿಯ ಅಂತರಜಾಲ ಪ್ರಸಾರಗಳಿಗೆ ಹೆಚ್ಚುವರಿ ಸಂಭಾವನೆ ಇವು ಅದರ ಗಳಿಕೆಗಳು. ಸಾಹಿತ್ಯ ಮೀಮಾಂಸೆಯ ದೃಷ್ಟಿಯಿಂದ ಮಹತ್ವದ್ದು ಕೃತಕ ಬುದ್ಧಿಮತ್ತೆಯನ್ನು ಕುರಿತ ಷರತ್ತುಗಳು. ಯಂತ್ರವನ್ನು ಲೇಖಕನೆಂದು ಪರಿಗಣಿಸುವಂತಿಲ್ಲ. ಅದು ಉತ್ಪಾದಿಸಿದ ಪಠ್ಯವನ್ನು ಆಕರ ಕೃತಿಯೆಂದು ತೋರಿಸಿ, ಬರಹಗಾರನನ್ನು ಬರಿಯ ರೂಪಾಂತರಕಾರನ ಸ್ಥಾನಕ್ಕೆ ಇಳಿಸುವಂತಿಲ್ಲ. ಬರಹಗಾರನಿಗೆ ಅಂತಹ ಪಠ್ಯವನ್ನು ಕೊಟ್ಟರೆ ಅದನ್ನು ತಿಳಿಸಲೇಬೇಕು. ಯಂತ್ರವನ್ನು ಬಳಸಲೇಬೇಕೆಂದು ಅವನನ್ನು ಬಲವಂತಪಡಿಸುವಂತಿಲ್ಲ. ಬರೆಯುವವನು ಮನುಷ್ಯನೇ ಆಗಿರಬೇಕೆಂಬ ಮಾತು ಇಲ್ಲಿ ಒಂದು ಕೂಲಿ ಒಪ್ಪಂದದ ಕಲಮಾಗಿ ಬಂದಿದೆ. ಹಿಂದೆ ರೂಪಿಸಿಕೊಂಡಿದ್ದ ಹೆಸರಿನ ನಿಯಮಗಳೇ ಇದಕ್ಕೆ ಆಧಾರವಾದುವು. ಮೂಲ ಯಾವುದು, ರೂಪಾಂತರ ಯಾವುದು ಎಂಬ ಖಚಿತ ವಿಭಜನೆ ಇಲ್ಲದಿದ್ದರೆ ಯಂತ್ರದ ಸ್ಥಾನವನ್ನು ನಿರ್ಧರಿಸುವುದು ಇಷ್ಟು ಸುಲಭವಾಗುತ್ತಿರಲಿಲ್ಲ.

ಭಾರತದ ದಾರಿ

ಭಾರತದಲ್ಲಿ ಇದೇ ಪ್ರಶ್ನೆಗೆ ಉತ್ತರ ಹುಡುಕಿದ ಬಗೆ ಬೇರೆ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಉದ್ಯೋಗಿಯಾಗಿ ಬರೆದ ಕೃತಿಗೆ ಮಾಲೀಕ ಮೊದಲ ಒಡೆಯನಾಗುತ್ತಾನೆ, ಆದರೆ ಕರ್ತೃವಾಗುವುದಿಲ್ಲ. ಬರೆದವನೇ ಕರ್ತೃ. ಅವನ ವಿಶೇಷ ಹಕ್ಕುಗಳನ್ನು 57ನೇ ಕಲಂ, ಒಡೆತನ ಕೈಬಿಟ್ಟ ಮೇಲೂ, ರಕ್ಷಿಸುತ್ತದೆ. ಹಿಂದಿ ಕಾದಂಬರಿಗಾರ್ತಿ ಮನ್ನು ಭಂಡಾರಿ ತಮ್ಮ ‘ಆಪ್ ಕಾ ಬಂಟಿ’ಯ ಚಿತ್ರರೂಪದ ವಿರುದ್ಧ ಹೂಡಿದ ಮೊಕದ್ದಮೆಯಲ್ಲಿ ದೆಹಲಿ ಹೈಕೋರ್ಟ್ 1986ರಲ್ಲಿ ಈ ಕಲಮನ್ನು ಲೇಖಕರ ಪರವಾಗಿ ವ್ಯಾಖ್ಯಾನಿಸಿತು.

ಗೌರವದ ಮಟ್ಟದಲ್ಲಿ ಭಾರತೀಯ ಲೇಖಕನ ಸ್ಥಾನ ಹೀಗೆ ಮೇಲಿದ್ದರೂ ಹಣದ ವಿಷಯದಲ್ಲಿ ಹಾಗಿರಲಿಲ್ಲ. ಚಿತ್ರಕ್ಕಾಗಿ ಹಣ ಪಡೆದು ಬರೆದ ಗೀತೆಯ ಹಕ್ಕು, ಬೇರೆ ಕರಾರಿಲ್ಲದಿದ್ದರೆ, ನಿರ್ಮಾಪಕನದೇ ಎಂದು ಸುಪ್ರೀಂ ಕೋರ್ಟ್ 1977ರಲ್ಲಿ ಹೇಳಿತ್ತು. 2012ರ ತಿದ್ದುಪಡಿ ಇದನ್ನು ಬದಲಿಸಿತು. ಇದರ ಪರವಾಗಿ ಗೀತರಚನಕಾರ ಜಾವೇದ್ ಅಖ್ತರ್ ರಾಜ್ಯಸಭೆಯಲ್ಲಿ ವಾದಿಸಿದ್ದರು. ಚಿತ್ರಮಂದಿರದ ಪ್ರದರ್ಶನದ ಹೊರತು ಉಳಿದ ಬಳಕೆಗಳಿಂದ ಬರುವ ರಾಯಧನದಲ್ಲಿ ಗೀತರಚನಕಾರರಿಗೂ ಚಿತ್ರಕತೆಗಾರರಿಗೂ ಸಮಪಾಲು ಸಲ್ಲಬೇಕು, ಆ ಹಕ್ಕನ್ನು ಅವರು ತಾವಾಗಿಯೇ ಬರೆದುಕೊಟ್ಟರೂ ಅದು ಊರ್ಜಿತವಲ್ಲ ಎಂಬುದು ಅದರ ಸಾರ. ಕನ್ನಡ ಚಿತ್ರಗಳ ಗೀತರಚನಕಾರರಿಗೂ ಸಂಭಾಷಣೆಕಾರರಿಗೂ ಈ ಕಾನೂನೇ ಅನ್ವಯಿಸುತ್ತದೆ.

ಆದರೆ ಕಾನೂನು ಕೊಡುವ ಹಕ್ಕು ಒಬ್ಬೊಬ್ಬ ಲೇಖಕನಿಗೆ ಪ್ರತ್ಯೇಕವಾಗಿ ಸೇರಿದ್ದು. ಕನಿಷ್ಠ ದರ, ಹೆಸರಿನ ನಿರ್ಣಯ, ಬರಹಗಾರರ ಸಂಖ್ಯೆ, ಪಿಂಚಣಿ ಇವು ಕಲಮುಗಳಿಂದ ತಾವಾಗಿ ಬರುವಂಥವಲ್ಲ. ಮುಂಬಯಿಯ ಚಿತ್ರಕತೆಗಾರರ ಸಂಘ 1926ರ ಟ್ರೇಡ್ ಯೂನಿಯನ್ ಕಾಯ್ದೆಯಡಿ ನೋಂದಾಯಿತವಾಗಿದ್ದು, ತನ್ನ ಸದಸ್ಯರ ವಿವಾದಗಳನ್ನು ಕೈಗೆತ್ತಿಕೊಳ್ಳುತ್ತದೆ. ಆದರೂ ಅಮೆರಿಕದಲ್ಲಿರುವಂತೆ ಇಡೀ ಉದ್ಯಮವನ್ನು ಕಟ್ಟಿಹಾಕುವ ಒಪ್ಪಂದ ಇಲ್ಲಿನ ಬರಹಗಾರರಿಗೆ ದಕ್ಕಿಲ್ಲ. ಅಮೆರಿಕದ ಬರಹಗಾರರಿಗೆ ಕಾನೂನಿನ ಕರ್ತೃತ್ವವಿಲ್ಲದೆ ಸಂಘದ ರಕ್ಷಣೆ ದೊರೆತಿದ್ದರೆ, ಭಾರತದ ಬರಹಗಾರರಿಗೆ ಕಾನೂನಿನ ಕರ್ತೃತ್ವವಿದ್ದೂ ಸಂಘದ ರಕ್ಷಣೆ ದುರ್ಬಲವಾಗಿದೆ.

ಉಪಸಂಹಾರ

ಕರ್ತೃತ್ವವೆಂಬುದು ಪಠ್ಯದೊಳಗಿನ ಒಂದು ಗುಣ ಮಾತ್ರವಲ್ಲ, ಬರೆಯುವವನಿಗೂ ಬರೆಸುವವನಿಗೂ ನಡುವೆ ಕಾಲಕಾಲಕ್ಕೆ ತೀರ್ಮಾನವಾಗುವ ಒಂದು ಸಂಬಂಧವೂ ಹೌದು ಎಂಬುದು ಈ ಇತಿಹಾಸದಿಂದ ಸ್ಪಷ್ಟವಾಗುತ್ತದೆ. ಕನ್ನಡ ಸಾಹಿತ್ಯ ಚರಿತ್ರೆ ಆಶ್ರಯದಾತರನ್ನು, ಅವರು ಕೊಟ್ಟ ದತ್ತಿಗಳನ್ನು ಶಾಸನಗಳ ನೆರವಿನಿಂದ ಶ್ರದ್ಧೆಯಿಂದ ದಾಖಲಿಸಿದೆ. ರಾಜಾಶ್ರಯದ ಕವಿಗೆ ಏನು ಸಂದಿತೆಂದು ಕೇಳುವ ನಾವು ಚಿತ್ರಗೀತೆ, ಸಂಭಾಷಣೆ, ಧಾರಾವಾಹಿಗಳ ಬರಹಗಾರನಿಗೆ ಏನು ಸಂದಿತೆಂದು ಕೇಳಿಲ್ಲ. ಈ ಪ್ರಕಾರಗಳ ಅಧ್ಯಯನದಲ್ಲಿ ತೆರೆಯ ಮೇಲಿನ ಹೆಸರನ್ನು ಪ್ರಶ್ನಾತೀತ ಆಧಾರವೆಂದು ಸ್ವೀಕರಿಸುವುದೂ ಸರಿಯಲ್ಲ. ಟ್ರಂಬೊ ಪ್ರಕರಣ ತೋರಿಸುವಂತೆ ಆ ಹೆಸರು ಒಂದು ಕಾಲದ ಬಲಾಬಲಗಳ ಫಲವಾಗಿರಬಹುದು. ಕರಾರು ಪತ್ರಗಳು, ಕರಡುಗಳು, ಸಂಭಾವನೆಯ ದಾಖಲೆಗಳು ನಾಶವಾಗುವ ಮುನ್ನ ಅವುಗಳನ್ನು ಸಂಗ್ರಹಿಸಿ, ಹಸ್ತಪ್ರತಿಗಳಿಗೆ ಸಲ್ಲುವ ಗಮನವನ್ನು ಅವಕ್ಕೂ ಸಲ್ಲಿಸುವುದು ಕನ್ನಡ ಅಧ್ಯಯನ ವಿಭಾಗಗಳು ಕೈಗೊಳ್ಳಬೇಕಾದ ಕೆಲಸವಾಗಿದೆ.