ತಪ್ಪಿದ ಭೇಟಿಯ ಶುಲ್ಕ: ಆಕ್ಷೇಪಣಾ ಪತ್ರದ ಭಾಷೆ

ವ್ಯವಹಾರ ಪತ್ರಗಳಲ್ಲಿ ಆಕ್ಷೇಪಣಾ ಪತ್ರವೇ ಕಠಿನವಾದುದು. ಬೇಡಿಕೆಯ ಪತ್ರಕ್ಕೆ ವಿನಯವಿದ್ದರೆ ಸಾಕು. ಆಕ್ಷೇಪಣೆಗೆ ವಿನಯದೊಡನೆ ನ್ಯಾಯದ ಆಧಾರವೂ ಬೇಕು. ಒಂದು ಸಂದರ್ಭವನ್ನು ಕಲ್ಪಿಸಿಕೊಳ್ಳೋಣ. ವಿದ್ಯಾರ್ಥಿನಿಯೊಬ್ಬಳು ಆಪ್ತಸಮಾಲೋಚನಾ ಕೇಂದ್ರದಲ್ಲಿ ಸಮಯವನ್ನು ಗೊತ್ತುಪಡಿಸಿಕೊಂಡಿದ್ದಾಳೆ. 24 ಗಂಟೆ ಮುಂಚೆ ತಿಳಿಸದೆ ಭೇಟಿ ತಪ್ಪಿದರೆ ಪೂರ್ಣ ಶುಲ್ಕ ತೆರಬೇಕೆಂಬುದು ಅಲ್ಲಿನ ನಿಯಮ. ಹಿಂದಿನ ರಾತ್ರಿ ಆಕೆಗೆ ತೀವ್ರ ಜ್ವರ ಬಂದಿತು. ಬೆಳಿಗ್ಗೆ 7 ಗಂಟೆಗೆ ಫೋನಿನಲ್ಲಿ ತಿಳಿಸಿದಳು. ಆದರೂ 800 ರೂಪಾಯಿಯ ಬಿಲ್ಲು ಬಂದಿದೆ.

ಮೊದಲು ಎದುರು ಪಕ್ಷದ ನ್ಯಾಯವನ್ನು ಅರಿಯಬೇಕು. ಸಮಾಲೋಚಕರು ಒಬ್ಬರಿಗಾಗಿ ಕಾದಿರಿಸಿದ ಹೊತ್ತು ಕೊನೆಯ ಗಳಿಗೆಯಲ್ಲಿ ಮತ್ತೊಬ್ಬರಿಗೆ ಒದಗುವುದಿಲ್ಲ. ಅವರ ಜೀವನೋಪಾಯಕ್ಕೆ ನಷ್ಟವಾಗುತ್ತದೆ. ಇದನ್ನು ಒಪ್ಪಿಕೊಂಡ ಪತ್ರಕ್ಕೆ ಬಲ ಹೆಚ್ಚು.

ಇನ್ನು ಪದವಿವೇಕ. ಪಡೆದ ಸೇವೆಗೆ ಕೊಡುವುದು ಶುಲ್ಕ; ತಪ್ಪಿಗೆ ತೆರುವುದು ದಂಡ; ಆದ ನಷ್ಟವನ್ನು ತುಂಬುವುದು ಪರಿಹಾರ. ಬಿಲ್ಲಿನಲ್ಲಿ ‘ಶುಲ್ಕ’ವೆಂದಿದ್ದರೂ ಇಲ್ಲಿ ಸೇವೆ ನಡೆದಿಲ್ಲ. ಕರಾರು ಮುರಿದಾಗ ಸಲ್ಲುವುದು ಸಮಂಜಸವಾದ ಪರಿಹಾರ ಮಾತ್ರ, ಕರಾರಿನಲ್ಲಿ ನಮೂದಿಸಿದ ಮೊತ್ತವು ಅದರ ಮೇಲ್ಮಿತಿ ಎಂಬುದು 1872ರ ಭಾರತೀಯ ಕರಾರು ಕಾಯ್ದೆಯ 74ನೆಯ ಕಲಮಿನ ಆಶಯ. ಆದುದರಿಂದ ನಮ್ಮ ಪ್ರಶ್ನೆ ‘ನಿಯಮವಿದೆಯೆ?’ ಎಂಬುದಲ್ಲ, ‘ಮೊತ್ತವು ನಷ್ಟಕ್ಕೆ ತಕ್ಕುದೆ?’ ಎಂಬುದು.

ಮೂರನೆಯದು ಕ್ರಿಯಾಪದದ ಆಯ್ಕೆ. ‘ನಾನು ಬರಲಿಲ್ಲ’ ಎಂದರೆ ಬಾರದಿರುವುದು ಇಚ್ಛೆಯೂ ಆಗಿರಬಹುದು. ‘ನನಗೆ ಬರಲಾಗಲಿಲ್ಲ’ ಎಂದರೆ ಅಶಕ್ತತೆ ಮಾತ್ರ. ‘ನನಗೆ ಜ್ವರ ಬಂದಿತು’ ಎಂಬಲ್ಲಿ ಜ್ವರವೇ ಕರ್ತೃ. ಚತುರ್ಥಿಯಲ್ಲಿ ನಿಂತ ವ್ಯಕ್ತಿ ಅದನ್ನು ಅನುಭವಿಸುವವಳು. ಕನ್ನಡದ ವಾಕ್ಯರಚನೆಯೇ ಇಲ್ಲಿ ವಾದದ ಅರ್ಧಭಾರವನ್ನು ಹೊರುತ್ತದೆ.

ಪತ್ರದ ಮಾದರಿ:

“ಮಾನ್ಯರೆ, ನಿಮ್ಮ 24 ಗಂಟೆಗಳ ನಿಯಮವನ್ನು ನಾನು ಬಲ್ಲೆ, ಅದರ ಅಗತ್ಯವನ್ನೂ ಒಪ್ಪುತ್ತೇನೆ. ಭೇಟಿಯ ಹಿಂದಿನ ರಾತ್ರಿ ನನಗೆ ತೀವ್ರ ಜ್ವರ ಬಂದುದರಿಂದ ಬರಲಾಗಲಿಲ್ಲ. ಬೆಳಿಗ್ಗೆ 7 ಗಂಟೆಗೆ ಫೋನಿನ ಮೂಲಕ ತಿಳಿಸಿರುತ್ತೇನೆ. ವೈದ್ಯರ ಪ್ರಮಾಣಪತ್ರವನ್ನು ಲಗತ್ತಿಸಿದ್ದೇನೆ. ಆದುದರಿಂದ 800 ರೂಪಾಯಿಯನ್ನು ಮನ್ನಾ ಮಾಡಬೇಕೆಂದು, ಅಥವಾ ಅದನ್ನು ಮುಂದಿನ ಭೇಟಿಗೆ ಹೊಂದಿಸಿಕೊಳ್ಳಬೇಕೆಂದು ಕೋರುತ್ತೇನೆ. ದಯವಿಟ್ಟು ಲಿಖಿತ ಉತ್ತರ ನೀಡಿರಿ.”

ಸಮಾಲೋಚನೆಯ ವಿಷಯ ಈ ಪತ್ರದಲ್ಲಿ ಎಲ್ಲಿಯೂ ಇಲ್ಲವೆಂಬುದನ್ನು ಗಮನಿಸಿರಿ. ಪ್ರಮಾಣಪತ್ರವು ಜ್ವರವನ್ನು ದೃಢಪಡಿಸಿದರೆ ಸಾಕು. ಮನಸ್ಸಿನ ಮಾತನ್ನು ಲೆಕ್ಕಪತ್ರದ ವಿಭಾಗದ ಮುಂದೆ ತೆರೆದಿಡಬೇಕಾಗಿಲ್ಲ.

ಕಾಸರಗೋಡಿನಂತಹ ಗಡಿನಾಡಿನಲ್ಲಿ ಭಾಷೆಯ ಪ್ರಶ್ನೆಯೂ ಏಳುತ್ತದೆ. ಕೇಂದ್ರದ ಅಥವಾ ರಾಜ್ಯದ ಅಧಿಕಾರಿಗಳಿಗೆ ಅಹವಾಲನ್ನು ಆಯಾ ಕಡೆ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ವಿಧಿಯು ನೀಡಿದೆ. ಖಾಸಗಿ ಕೇಂದ್ರಕ್ಕೆ ಅದು ಅನ್ವಯಿಸದು. ಆದುದರಿಂದ ಕನ್ನಡ ಪತ್ರದೊಡನೆ ಮಲಯಾಳ ಅಥವಾ ಇಂಗ್ಲಿಷ್ ಅನುವಾದವನ್ನು ಇರಿಸುವುದು ಲೇಸು. ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ನ್ನು ಸಂಪರ್ಕಿಸಬಹುದು. ಅಲ್ಲಿಯೂ ಪತ್ರದ ಪ್ರತಿಯೇ ಮೊದಲ ಸಾಕ್ಷ್ಯ.

ಅಭ್ಯಾಸ: ಇದೇ ಪತ್ರಕ್ಕೆ ಕೇಂದ್ರದ ಪರವಾಗಿ, ಅರ್ಧ ಮೊತ್ತವನ್ನು ಮಾತ್ರ ಬಿಟ್ಟುಕೊಡುವ ಉತ್ತರವನ್ನು ಬರೆಯಿರಿ. ‘ಶುಲ್ಕ’, ‘ದಂಡ’, ‘ಪರಿಹಾರ’ಗಳಲ್ಲಿ ಯಾವ ಪದವನ್ನು ಬಳಸಿದಿರಿ, ಏಕೆ ಎಂಬುದನ್ನು ವಿವರಿಸಿರಿ.