ನಡುನೋವೂ ವ್ಯಾಯಾಮವೂ

ಕಳೆದ ವರ್ಷ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ನಮ್ಮನ್ನು ಕಾಣಲು ಬಂದಿದ್ದಳು. ಆಕೆಯ ಮಗುವು ಎತ್ತಿಕೊಳ್ಳೆಂದು ಕೈನೀಡಿತು. ಆಕೆಯೋ ನಡುನೋವಿಗಂಜಿ ಹಿಂದೆ ಸರಿದಳು. ಒಂದು ಕಾಲದಲ್ಲಿ ನಮ್ಮ ಆಟದ ಬಯಲಿನಲ್ಲಿ ಎಲ್ಲರಿಗಿಂತ ಮುಂದೆ ಓಡಿದವಳು ಅವಳು. ಆ ನೋಟವೇ ಈ ಪಾಠಕ್ಕೆ ಕಾರಣವಾಯಿತು.

ಮೂರು ತಿಂಗಳು ಮೀರಿ ಉಳಿಯುವ ನೋವನ್ನು ವೈದ್ಯರು ದೀರ್ಘಕಾಲದ ನಡುನೋವೆಂದು ಕರೆಯುವರು. ಇಂಥವರಲ್ಲಿ ಬಹುಮಂದಿಗೆ ಎಲುಬು ಮುರಿದಿರುವುದಿಲ್ಲ. ಘೋರವಾದ ವ್ಯಾಧಿಯೂ ಇರುವುದಿಲ್ಲ. ಆದರೆ ಅಂಜಿ ಮಲಗಿದಷ್ಟೂ ಸ್ನಾಯುಗಳು ಬಲಗುಂದುವುವು, ಬಲಗುಂದಿದಷ್ಟೂ ಅಲ್ಪ ಕೆಲಸವೂ ನೋಯಿಸುವುದು, ಅಂಜಿಕೆಯು ಇಮ್ಮಡಿಸುವುದು. ಈ ಚಕ್ರವನ್ನು ತಡೆಯತಕ್ಕ ಸಾಧನವೇ ವ್ಯಾಯಾಮ.

ವಿಶ್ವ ಆರೋಗ್ಯ ಸಂಸ್ಥೆಯು 2023ರಲ್ಲಿ ಹೊರಡಿಸಿದ ಮಾರ್ಗಸೂಚಿಯು ವ್ಯಾಯಾಮವನ್ನು ಅನುಮೋದಿಸಿ, ನಡುಪಟ್ಟಿಯನ್ನೂ ಎಳೆತದ ಚಿಕಿತ್ಸೆಯನ್ನೂ ವಾಡಿಕೆಯಾಗಿ ಬಳಸಕೂಡದೆಂದು ಹೇಳಿರುವುದು. ನಡುನೋವು ಗುಣವಾದ 701 ಮಂದಿಯ ಮೇಲೆ ಆಸ್ಟ್ರೇಲಿಯದಲ್ಲಿ ನಡೆದ ಪರೀಕ್ಷೆಯ ಫಲವು 2024ರಲ್ಲಿ ಪ್ರಕಟವಾಯಿತು. ಫಿಸಿಯೋಥೆರಪಿ ತಜ್ಞರ ಸಲಹೆಯಂತೆ ಕ್ರಮವಾಗಿ ನಡಿಗೆಯನ್ನು ಹೆಚ್ಚಿಸಿಕೊಂಡವರಲ್ಲಿ ಅರ್ಧಮಂದಿಗೆ ನೋವು ಮರುಕಳಿಸಲು 208 ದಿನಗಳು ಹಿಡಿದುವು. ಉಳಿದವರಲ್ಲಿ 112 ದಿನಗಳೇ ಸಾಕಾದುವು.

ಮನೆಯಲ್ಲಿ ಮಾಡತಕ್ಕ ಮೂರು ಅಭ್ಯಾಸಗಳನ್ನು ಹೇಳುವೆವು. ಮೊದಲನೆಯದು: ಚಾಪೆಯ ಮೇಲೆ ಅಂಗಾತ ಮಲಗಿ, ಮೊಣಕಾಲುಗಳನ್ನು ಮಡಿಸಿ, ಹೊಟ್ಟೆಯನ್ನು ಮೆಲ್ಲನೆ ಬಿಗಿಹಿಡಿದು ನಡುವನ್ನು ಚಾಪೆಗೆ ಒತ್ತಬೇಕು, ಐದು ಎಣಿಸಿ ಸಡಿಲಿಸಬೇಕು. ಉಸಿರು ಕಟ್ಟಕೂಡದು. ಎರಡನೆಯದು: ಹಾಗೆಯೇ ಮಲಗಿ, ಹೆಗಲಿನಿಂದ ಮೊಣಕಾಲಿನವರೆಗೆ ದೇಹವು ಒಂದೇ ಗೆರೆಯಾಗುವಂತೆ ಸೊಂಟವನ್ನು ಮೇಲೆತ್ತಿ ಇಳಿಸಬೇಕು. ಮೂರನೆಯದು: ಅಂಗೈಗಳನ್ನೂ ಮೊಣಕಾಲುಗಳನ್ನೂ ನೆಲಕ್ಕೂರಿ, ಬಲಗೈಯನ್ನು ಮುಂದಕ್ಕೂ ಎಡಗಾಲನ್ನು ಹಿಂದಕ್ಕೂ ಚಾಚಬೇಕು, ಬಳಿಕ ಬದಲಿಸಬೇಕು. ಮೊದಲು ಐದೈದು ಸಾರಿ, ವಾರಗಳು ಕಳೆದಂತೆ ಹತ್ತು ಸಾರಿ. ಮಾಡುವಾಗ ತುಸು ನೋವಾದರೆ ಅದು ಹಾನಿಯ ಗುರುತಲ್ಲ. ಮರುದಿನವೂ ನೋವು ಹೆಚ್ಚಿದ್ದರೆ ಎಣಿಕೆಯನ್ನು ತಗ್ಗಿಸತಕ್ಕದ್ದು. ಇಂಥ ಅಭ್ಯಾಸವೇ ಎಲ್ಲಕ್ಕಿಂತ ಮೇಲೆಂದು ಹೇಳಲಾಗದು. ಬಿಡದೆ ಮಾಡಿದ್ದೇ ಮೇಲು.

ಒಂದು ಎಚ್ಚರಿಕೆ. ಕಾಲು ಬಲಗುಂದಿದರೂ, ತೊಡೆಗಳ ಸಂದು ಮರಗಟ್ಟಿದರೂ, ಮಲಮೂತ್ರಗಳ ಹಿಡಿತ ತಪ್ಪಿದರೂ, ಬಿದ್ದು ಪೆಟ್ಟಾಗಿದ್ದರೂ, ನೋವಿನೊಡನೆ ಜ್ವರ ಬಂದರೂ, ಕಾರಣವಿಲ್ಲದೆ ದೇಹದ ತೂಕ ಇಳಿದರೂ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು.

ತಂದೆತಾಯಿಗಳಲ್ಲಿ ನಮ್ಮ ಬಿನ್ನಹವೇನೆಂದರೆ, ಡ್ರಿಲ್ ತರಗತಿಯಿಂದ ಹೆಣ್ಣುಮಕ್ಕಳನ್ನು ಸುಮ್ಮನೆ ಬಿಡಿಸಬೇಡಿರಿ. ಅಂದು ಬಂದಿದ್ದ ಆ ವಿದ್ಯಾರ್ಥಿನಿಯು ನಾಲ್ಕು ತಿಂಗಳ ಬಳಿಕ ಪುನಃ ಬಂದಳು. ನೋವು ಪೂರ್ತಿಯಾಗಿ ಹೋಗಿರಲಿಲ್ಲ; ಆದರೆ ಮಗುವು ಆಕೆಯ ಸೊಂಟದ ಮೇಲೆ ಕುಳಿತಿತ್ತು.